ನಾವು ಕಿತ್ತುಕೊಂಡ ಪುಸ್ತಕ

ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ಗೃಹಸ್ಥರು ಆಗಾಗ್ಗೆ ನಮ್ಮನ್ನು ಕೇಳುವುದುಂಟು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಂಸ್ಕೃತ ಪಾಠವನ್ನು ಹೇಳಿದವರಾದುದರಿಂದ ನಮ್ಮಲ್ಲಿ ಸಿದ್ಧವಾದ ಉತ್ತರವೊಂದಿರಬೇಕೆಂದು ಅವರ ನಂಬಿಕೆ. ಹಿಂದೆ ಇದ್ದಿತು, ಈಗ ಅದನ್ನು ಹೇಳುವುದಿಲ್ಲ. ಕಾರಣವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇವೆ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ. ಇಲ್ಲಿಯ ಶನಿಮಹಾತ್ಮನ ಸನ್ನಿಧಿಗೆ ಶನಿವಾರಗಳಂದು, ಅದರಲ್ಲಿಯೂ ಶ್ರಾವಣಮಾಸದಲ್ಲಿ, ಜನರು ತಂಡೋಪತಂಡವಾಗಿ ಬರುವುದು ಅನೇಕರಿಗೆ ತಿಳಿದ ವಿಷಯ. ಹರಕೆ ಹೊತ್ತವರು ರಾತ್ರಿಯ ವೇಳೆ ಮನೆಯಲ್ಲಿ ಶನಿಮಹಾತ್ಮೆಯನ್ನು ಓದಿಸುತ್ತಿದ್ದರು. ನಾವು ಅಕ್ಷರ ಕಲಿಯುವುದಕ್ಕೆ ಮೊದಲೇ ಅಜ್ಜಿಯ ತೊಡೆಯ ಮೇಲೆ ಮಲಗಿ, ವಿಕ್ರಮರಾಜನು ಶನಿಯನ್ನು ಹಳಿದು, ರಾಜ್ಯವನ್ನು ಕಳೆದುಕೊಂಡು, ಕೈಕಾಲುಗಳನ್ನು ಕಡಿಸಿಕೊಂಡು ಗಾಣದ ಮನೆಯನ್ನು ಸೇರಿದ ಕಥೆಯನ್ನು ಕೇಳಿದೆವು. ಮಂಗಳಾರತಿಯವರೆಗೆ ನಿದ್ರೆಯನ್ನು ತಡೆದುದು ಚರುಪಿನ ಆಸೆಯಿಂದಲೋ ಕಥೆಯ ಆಸೆಯಿಂದಲೋ ಹೇಳಲಾರೆವು.

ಅದೇ ವಿಕ್ರಮನು ನಮಗೆ ಎರಡನೆಯ ಬಾರಿ ದೊರೆತುದು 'ಚಂದಮಾಮ'ದಲ್ಲಿ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಮಾಸಪತ್ರಿಕೆಯು ಈಗ ನಿಂತುಹೋಗಿದೆ. 1970ರ ದಶಕದಲ್ಲಿ ಅದರ ಒಂದು ಸಂಚಿಕೆ ನಮ್ಮೂರಿಗೆ ಬಂದರೆ ಹತ್ತು ಮನೆಗಳನ್ನು ಸುತ್ತಿ, ಹೊದಿಕೆಯ ಹಾಳೆ ಕಳಚಿದ ಮೇಲೆಯೇ ನಮ್ಮ ಕೈ ಸೇರುತ್ತಿದ್ದಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ. ಶಂಕರ್ ಅವರು ಬರೆದ ರಾಜನ ಆ ಚಿತ್ರವನ್ನು ನೋಡಿ ಹೆದರುತ್ತಲೂ ಇದ್ದೆವು, ನೋಡದೆ ಇರಲಾರದವರೂ ಆಗಿದ್ದೆವು. ಉತ್ತರವನ್ನು ತಿಳಿದೂ ಹೇಳದಿದ್ದರೆ ತಲೆಯು ಹೋಳಾದೀತೆಂಬ ಬೇತಾಳನ ಬೆದರಿಕೆ ರಾಜನಿಗೆ ಮಾತ್ರವಲ್ಲ, ನಮಗೂ ಸಲ್ಲುವುದೆಂದು ಭಾವಿಸಿದ್ದೆವು.

ಮುಂದೆ ಬೆಂಗಳೂರಿನಲ್ಲಿ ಸಂಸ್ಕೃತವನ್ನು ಕಲಿಯುತ್ತಿದ್ದಾಗ, ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರವನ್ನು ತೆರೆದೆವು. ಅದರ ಹನ್ನೆರಡನೆಯ ಲಂಬಕದಲ್ಲಿ ಶಿಂಶಪಾ ವೃಕ್ಷಕ್ಕೆ ತೂಗುತ್ತಿರುವ ಶವವನ್ನು ಇಳಿಸಲು ರಾಜನೊಬ್ಬನು ಹೋಗುತ್ತಾನೆ. ಅಲ್ಲಿ ಅವನ ಹೆಸರು ತ್ರಿವಿಕ್ರಮಸೇನ. ಹೆಸರು ಬೇರೆಯಾದರೂ ಇವನು ನಮ್ಮ ಹಳೆಯ ಪರಿಚಿತನೇ ಎಂದು ತಿಳಿಯಲು ತಡವಾಗಲಿಲ್ಲ. ವ್ಯಾಖ್ಯಾನದ ನೆರವಿಲ್ಲದೆ ನಾವು ಮೊದಲು ಓದಿಕೊಂಡ ಸಂಸ್ಕೃತವೆಂದರೆ ಆ ಭಾಗವೇ. ಕಥೆ ಮೊದಲೇ ತಿಳಿದಿದ್ದುದರಿಂದ ಶ್ಲೋಕಗಳು ತಾವಾಗಿ ಬಿಡಿಸಿಕೊಂಡವು.

ಇಷ್ಟಾದರೂ, ಭಾರವಿಯ ಕಿರಾತಾರ್ಜುನೀಯವನ್ನೂ ಬಾಣನ ಕಾದಂಬರಿಯನ್ನೂ ಮುಗಿಸುವಷ್ಟರಲ್ಲಿ ನಾವು ಹತ್ತಿ ಬಂದ ಮೆಟ್ಟಿಲುಗಳನ್ನು ಮರೆತೆವು. ಕನ್ನಡದಲ್ಲಿ ಕಾದಂಬರಿ ಎಂಬ ಹೆಸರು ಬಂದುದೇ ಬಾಣನ ಗ್ರಂಥದಿಂದ ಎಂದು ತರಗತಿಯಲ್ಲಿ ಹೇಳುವೆವು. ಆ ಹೆಸರಿನ ಕನ್ನಡ ಪುಸ್ತಕಗಳನ್ನು ಮಾತ್ರ ಹೀನವಾಗಿ ಕಾಣುವೆವು.

1992ರಲ್ಲಿ ಒಂದು ದಿನ, ಧಾತುರೂಪಗಳನ್ನು ಹೇಳಿಕೊಡುತ್ತಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬನು ಮಡಿಲಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯನ್ನಿಟ್ಟುಕೊಂಡು ಓದುತ್ತಿದ್ದನು. ಕಿತ್ತುಕೊಂಡೆವು, ನಾಲ್ಕು ಕಟುಮಾತುಗಳನ್ನೂ ಆಡಿದೆವು. ಮರುದಿನ ಬಂದು, "ಬಾಡಿಗೆ ಅಂಗಡಿಯ ಪುಸ್ತಕ, ಮೇಷ್ಟ್ರೇ" ಎಂದನು. ತಂದೆಯನ್ನು ಕರೆದುಕೊಂಡು ಬಾ ಎಂದೆವು. ಅವನು ಮತ್ತೆ ಕೇಳಲಿಲ್ಲ. ಹತ್ತನೆಯ ತರಗತಿಯಾದ ಮೇಲೆ ಮಗ್ಗದ ಕೆಲಸಕ್ಕೆ ಸೇರಿದನೆಂದು ಕೇಳಿದೆವು.

ನಿವೃತ್ತಿಯ ಸಮಯದಲ್ಲಿ ಬೀರುವನ್ನು ಬರಿದು ಮಾಡುವಾಗ ಆ ಪುಸ್ತಕವು ಸಿಕ್ಕಿತು. ಮನೆಗೆ ತಂದು, ರಾತ್ರಿ ಊಟವಾದ ಮೇಲೆ ಹಿಡಿದವರು ಮುಗಿಸಿಯೇ ದೀಪವನ್ನಾರಿಸಿದೆವು. ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತು, ಐನೂರಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದ ಗ್ರಂಥಕರ್ತರು, ಅಲಂಕಾರಶಾಸ್ತ್ರ ಓದಿದ ನಮ್ಮನ್ನು ಒಂದು ಗಳಿಗೆಯೂ ಅಲುಗಗೊಡಲಿಲ್ಲ.

ಆ ಹುಡುಗನನ್ನು ವಿಚಾರಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆವು. ಹುಡುಗನೆಂದೆವು, ಈಗ ತಲೆ ನರೆತಿದೆ, ಸ್ವಂತದ ಎರಡು ವಿದ್ಯುತ್ ಮಗ್ಗಗಳಿವೆ. ನಮ್ಮನ್ನು ಕಂಡು ಕಾಲಿಗೆರಗಿ, ಕುರ್ಚಿ ಹಾಕಿಸಿ, ಕಾಫಿ ತರಿಸಿದನು. ಪುಸ್ತಕವನ್ನು ಕೈಗಿತ್ತೆವು. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ದುಡ್ಡು ಕಟ್ಟೋಕೆ ಎರಡು ವಾರ ಕಂಡಿಕೆ ಸುತ್ತಿದ್ದೆ, ಮೇಷ್ಟ್ರೇ. ಆಮೇಲೆ ಕಥೆಪುಸ್ತಕ ಮುಟ್ಟಲಿಲ್ಲ" ಎಂದನು. ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿದ್ದಿತು.

"ನಮ್ಮದು ತಪ್ಪಾಯಿತಪ್ಪಾ" ಎಂದೆವು. ಅವನು ಸಂಕೋಚಪಟ್ಟುಕೊಂಡು, "ಅಂಥಾ ಮಾತು ಬೇಡಿ ಮೇಷ್ಟ್ರೇ" ಎಂದು ತಲೆ ತಗ್ಗಿಸಿದನು. ಸ್ವಲ್ಪ ಹೊತ್ತಿನ ಮೇಲೆ ಕೇಳಿದನು: "ಅದಿರಲಿ, ಇದರಲ್ಲಿ ಕೊಲೆ ಮಾಡಿದೋನು ಯಾರು?"

ಓದಿಕೊಳ್ಳಪ್ಪಾ ಎನ್ನಲು ಬಾಯಿ ತೆರೆದವರು ಸುಮ್ಮನಾದೆವು. ತಿಳಿದೂ ಹೇಳದೆ ಮೂವತ್ತು ವರ್ಷ ಕಾಯಿಸುವಂತಾದುದು ಸಾಲದೆ? ಅವನು ಎದ್ದು ಮಗ್ಗಗಳನ್ನು ನಿಲ್ಲಿಸಿ ಬಂದನು. ನಾವು ಮೊದಲಿನಿಂದ ಕಥೆಯನ್ನು ಹೇಳಿದೆವು.

ಆದುದರಿಂದ ಈಗ ಗೃಹಸ್ಥರು ಕೇಳಿದರೆ ಇಷ್ಟನ್ನೇ ಹೇಳುತ್ತೇವೆ: ಮಗುವು ಹಿಡಿದ ಪುಸ್ತಕವನ್ನು ಮುಗಿಸಲಿ. ತಮಗೆ ಮೆಚ್ಚಿಕೆಯಾದುದನ್ನು ಅದರ ಪಕ್ಕದಲ್ಲಿ ಇಟ್ಟಿರಿ.