ಊದುಬತ್ತಿಯ ಪರೀಕ್ಷೆ

ಸ್ನಾನ ಮಾಡಿ ಬಂದರೆ ಸಾಕು, ನಮ್ಮತ್ತೆಗೆ ತಲೆ ಸಿಡಿಯುತ್ತಿತ್ತು. "ಪಿತ್ತ ಕಣೇ, ಒಂದು ಲೋಟ ಜೀರಿಗೆ ಕಷಾಯ ಕೊಡು" ಎನ್ನುವರು. ಕಷಾಯ ಕುಡಿದು ಜಗುಲಿಯಲ್ಲಿ ಅರ್ಧ ಗಂಟೆ ಕೂತರೆ ಸರಿಹೋಗುತ್ತಿತ್ತು. ಗುಣ ಕಷಾಯದ್ದೆಂದೇ ನಾನೂ ನಂಬಿದ್ದೆ. ಜಗುಲಿಯ ಗಾಳಿಯದೆಂದು ಯಾರು ಕಂಡಿದ್ದರು!

ಅದು 2011ರ ಆಷಾಢ. ಶಿವಮೊಗ್ಗದ ನಮ್ಮ ಮನೆಗೆ ಗ್ಯಾಸ್ ಗೀಸರ್ ಬಂದು ತಿಂಗಳಾಗಿತ್ತು. ಹಂಡೆ, ಸೌದೆ, ಮಸಿ ಯಾವುದರ ಗೋಳೂ ಇಲ್ಲ. ಕೂರಿಸಲು ಬಂದ ಹುಡುಗ ಹೊಗೆ ಹೋಗಲೆಂದು ಗೋಡೆ ಕೊರೆದು ತಗಡಿನ ಕೊಳವೆ ಇಟ್ಟ. ನಲ್ಲಿ ತಿರುಗಿಸಿ ಬಿಸಿನೀರು ತೋರಿಸಿದ, ದುಡ್ಡು ಎಣಿಸಿಕೊಂಡು ಹೋದ. ಕೊಳವೆ ಇದ್ದ ಮೇಲೆ ಹೊಗೆ ಹೋಗದೆ ಏನು ಮಾಡೀತು ಅಂದುಕೊಂಡೆವು.

ಒಂದು ಬೆಳಿಗ್ಗೆ ಅತ್ತೆ ಬಚ್ಚಲ ಚಿಲಕ ತೆಗೆದವರೇ ಹೊಸ್ತಿಲ ಮೇಲೆ ಕುಸಿದರು. ಚಿಲಕ ತೆಗೆಯುವಷ್ಟು ತ್ರಾಣ ಉಳಿದದ್ದು ನಮ್ಮ ಪುಣ್ಯ. ಆಮ್ಲಜನಕ ಕೊಡುತ್ತಲೇ ಡಾಕ್ಟರು ಕೇಳಿದರು, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯೇನಮ್ಮಾ?" ಸಿಲಿಂಡರ್ ಸೋರಿದರೆ ನಮಗೆ ತಿಳಿಯಲೆಂದೇ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರಂತೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದು ಕೂತುಬಿಡುತ್ತದೆ.

ಮರುದಿನ ವಯಸ್ಸಾದ ಬೇರೊಬ್ಬ ಮೆಕ್ಯಾನಿಕ್ ಬಂದರು. ಸೋಪಿನ ನೊರೆ ಸವರಿ ಗ್ಯಾಸ್ ಸೋರುತ್ತಿಲ್ಲವೆಂದು ನೋಡಿಕೊಂಡು, "ಒಂದು ಊದುಬತ್ತಿ ಕೊಡಿ ಅಕ್ಕಾ" ಎಂದರು. ಗೀಸರಿಗೆ ಪೂಜೆಯೋ ಏನೋ ಅಂದುಕೊಂಡೆ! ಮನೆಯ ಕಿಟಕಿ ಬಾಗಿಲು ಮುಚ್ಚಿಸಿ, ಪಕ್ಕದ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗೀಸರನ್ನು ಕೆಲವು ನಿಮಿಷ ಉರಿಸಿದರು. ಆಮೇಲೆ ಕೊಳವೆ ಶುರುವಾಗುವ ಕಡೆ ಇದ್ದ ಸಂದಿಗೆ ಊದುಬತ್ತಿ ಹಿಡಿದರು. ಅದರ ಹೊಗೆ ಒಳಗೆ ಎಳೆದುಕೊಳ್ಳಬೇಕು. ಅವರ ಮುಖಕ್ಕೇ ರಾಚಿತು. ಫ್ಯಾನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಹಿಡಿದಾಗ ತೆಪ್ಪಗೆ ಕೊಳವೆ ಸೇರಿತು.

ಒಗ್ಗರಣೆಯ ಘಾಟಿಗೆಂದು ದಿನಾ ನಾನು ಹಾಕುತ್ತಿದ್ದ ಫ್ಯಾನು! ಅದು ಒಳಗಿನ ಗಾಳಿಯನ್ನು ಹೊರಗೆ ದಬ್ಬಿದರೆ ಬದಲಿಗೆ ಎಲ್ಲಿಂದಲಾದರೂ ಗಾಳಿ ಬರಲೇಬೇಕಲ್ಲ. ಬಚ್ಚಲ ಗವಾಕ್ಷಿಗೆ ಮಳೆಯ ಎರಚಲೆಂದು ಅತ್ತೆ ಹಳೇ ಸೀರೆ ತುರುಕಿದ್ದರು. ಹಾಗಾಗಿ ಗಾಳಿ ಕೊಳವೆಯಿಂದಲೇ ಇಳಿಯುತ್ತಿತ್ತು, ಹೊಗೆಯನ್ನೂ ವಾಪಸು ಕರೆತರುತ್ತಿತ್ತು. ಈಚೆ ನಾನು ಸಾಸಿವೆ ಸಿಡಿಸುತ್ತಾ, ಆಚೆ ಅತ್ತೆ... ನೆನೆದರೆ ಈಗಲೂ ಕೈ ನಡುಗುತ್ತದೆ.

ಗೀಸರ್ ಹಿತ್ತಿಲ ಗೋಡೆಗೆ ಹೋಯಿತು. ಎರಡು ಕಡೆ ಸೊಟ್ಟಗಿದ್ದ ಕೊಳವೆ ನೆಟ್ಟಗಾಯಿತು. ಮತ್ತೊಮ್ಮೆ ಊದುಬತ್ತಿ ಹಿಡಿಸಿ, ಕಣ್ಣಾರೆ ನೋಡಿದ ಮೇಲೇ ದುಡ್ಡು ಕೊಟ್ಟೆ. ಗವಾಕ್ಷಿಯ ಸೀರೆಯನ್ನು ಅತ್ತೆ ತಾವೇ ಎಳೆದು ಹಾಕಿದರು.

"ಆದರೂ ಸ್ವಲ್ಪ ಪಿತ್ತವೂ ಇತ್ತು ಕಣೇ" ಎಂದರು.