ವಿಲಾಯತಿ ಹತ್ತಿ

ಕಾರ್ತಿಕ ಹತ್ತಿರ ಬಂತೆಂದು ಹೂಬತ್ತಿ ಮಾಡಲು ಕೂತಿದ್ದೆ. ಅರಳೆಯಲ್ಲಿ ಗಟ್ಟಿಯಾದ್ದೇನೋ ಬೆರಳಿಗೆ ತಾಗಿತು. ಬಿಡಿಸಿ ನೋಡಿದರೆ ಒಂದು ಹತ್ತಿಕಾಳು. ಕಾಳು ಬೇರ್ಪಡಿಸುವ ಜಿನ್ನಿನ ಹಲ್ಲಿಗೂ ಸಿಗದೆ ತಪ್ಪಿಸಿಕೊಂಡು ಬಂದಿತ್ತು, ಮೈಮೇಲೆ ಇನ್ನೂ ಬಿಳಿ ನವಿರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತವಳಿಗೆ ಮೊದಲು ನೆನಪಾದದ್ದು ಅಜ್ಜನ ಎರೆಹೊಲವಲ್ಲ, ಅಮೆರಿಕದ ಲೂಯಿಸಿಯಾನಾದಲ್ಲಿರುವ ಕೇನ್ ನದಿಯ ದಂಡೆ.

ಡಲ್ಲಾಸಿನ ಮಗಳು ಕರೆದುಕೊಂಡು ಹೋಗಿದ್ದಳು. "ಅವ್ವಾ, ನಿನಗ ಹಳೇ ಮನಿ ಅಂದ್ರ ಜೀವ ಅಲ್ಲಾ, ನಡಿ" ಎಂದು. ಊರಿನ ಹೆಸರನ್ನು ಬರೆದಂತೆ ಓದಿದರೆ ನಾಚಿಟೋಚಸ್, ಅಲ್ಲಿಯವರ ಬಾಯಲ್ಲಿ ನ್ಯಾಕಟಿಶ್. 1714ರಲ್ಲಿ ಫ್ರೆಂಚರು ಬಂದು ನೆಲೆಯೂರಿದ ಊರು. ಮುಂದೆ ಫ್ರೆಂಚ್, ಸ್ಪ್ಯಾನಿಶ್, ಆಫ್ರಿಕನ್, ಮೂಲನಿವಾಸಿ ಮಾತು, ಅಡುಗೆ, ದೇವರು ಎಲ್ಲ ಕಲೆತು ಕ್ರಿಯೋಲ್ ಸೀಮೆಯಾಯಿತು. ಓಕ್‌ಲ್ಯಾಂಡ್, ಮ್ಯಾಗ್ನೋಲಿಯಾ ಎಂಬ ಎರಡು ಹತ್ತಿ ತೋಟಗಳ ಕಟ್ಟಡಗಳನ್ನು ಉಳಿಸಿಕೊಳ್ಳಲು 1994ರಲ್ಲಿ ಅಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದರು.

ಓಕ್‌ಲ್ಯಾಂಡಿನ ದೊಡ್ಡಮನೆ 1821ರದು. ಮರದ ಚೌಕಟ್ಟಿನ ನಡುವೆ ಮಣ್ಣು ತುಂಬಿದ ಗೋಡೆ. ಮಣ್ಣು ಬಿರಿಯದಿರಲೆಂದು, ಮರಗಳಿಗೆ ಜಡೆಯಂತೆ ಜೋತುಬೀಳುವ ಸ್ಪ್ಯಾನಿಶ್ ಮಾಸ್ ಕಲಸಿದ್ದಾರೆ. ನಮ್ಮಲ್ಲಿ ಹೊಟ್ಟು ಕಲಸಿ ತುಳಿಯುತ್ತಿದ್ದರಲ್ಲ, ಅದೇ ವಿದ್ಯೆ. ಆದರೆ ನನ್ನ ಕಾಲು ಕಟ್ಟಿಹಾಕಿದ್ದು ಮ್ಯಾಗ್ನೋಲಿಯಾದ ಜಿನ್ ಕೊಟ್ಟಿಗೆ. ಒಳಗೆ ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಮರದ ತಿರುಪು. ಹೇಸರಗತ್ತೆಗಳು ಗಾಣ ಸುತ್ತಿದಂತೆ ಸುತ್ತುತ್ತಿದ್ದರೆ ತಿರುಪು ಇಳಿದು ಅರಳೆಯನ್ನು ಒತ್ತಿ ಅಂಡಿಗೆ ಮಾಡುತ್ತಿತ್ತು. ಅದನ್ನು ನೋಡುತ್ತ ನಿಂತಾಗ ಅಜ್ಜನ ಮಾತು ಥಟ್ಟನೆ ಕಿವಿಗೆ ಬಿತ್ತು.

ಅಜ್ಜ ಹೊಲಕ್ಕೆ ಎರಡು ಹತ್ತಿ ಹಾಕುತ್ತಿದ್ದ: ಜವಾರಿ ಒಂದು, ವಿಲಾಯತಿ ಒಂದು. "ವಿಲಾಯತಿ ಅಂದ್ರ ಎಲ್ಲೈತಿ ಅಜ್ಜಾ?" ಎಂದರೆ "ರಾಣೀ ಊರಿನ ಕಡೇದು ಇರಬೇಕು ತಗಿ" ಎನ್ನುತ್ತಿದ್ದ. ಇಂಗ್ಲೆಂಡಿನ ಚಳಿಯಲ್ಲಿ ಹತ್ತಿ ಬೆಳೆಯುವುದುಂಟೇ ಎಂದು ಅವನೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಹಡಗಿನಲ್ಲಿ ಬಂದದ್ದೆಲ್ಲ ನಮಗೆ ವಿಲಾಯತಿ; ಮೈಸೂರು ಕಡೆಯವರಿಗೆ ಸೀಮೆ. ಅವರ ಸೀಮೆಬದನೆಯ ತವರು ಮೆಕ್ಸಿಕೊ. ಅದೇ ಕಾಯಿಗೆ ಲೂಯಿಸಿಯಾನಾದ ಕ್ರಿಯೋಲರು ಮಿರ್ಲಿಟಾನ್ ಎನ್ನುತ್ತಾರೆ, ಸೀಗಡಿ ತುಂಬಿ ಬೇಯಿಸುತ್ತಾರೆ. ನನ್ನ ಮೈಸೂರಿನ ಬೀಗಿತ್ತಿ ಇದನ್ನು ಕೇಳಿ ಮೂರು ದಿನ ಸೀಮೆಬದನೆ ಮುಟ್ಟಲಿಲ್ಲ.

ಅಜ್ಜನ ವಿಲಾಯತಿ ಹತ್ತಿಯ ಬೀಜ ಬಂದದ್ದು ಇದೇ ಲೂಯಿಸಿಯಾನಾ ಕಡೆಯಿಂದ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ದೇಶದ ಹಲವು ಕಡೆ ಬಿತ್ತಿಸಿತು. ಬಹಳ ಕಡೆ ಕೈಕೊಟ್ಟ ಬೀಜ ಧಾರವಾಡದ ಎರೆಮಣ್ಣಿಗೆ ಒಗ್ಗಿತು. ಹಿಂದೆಯೇ ಗರಗಸದ ಹಲ್ಲಿನ ಜಿನ್ ಬಂತು. ಪೇಟೆಯ ಕಾಗದಗಳಲ್ಲಿ ಆ ಅರಳೆಗೆ 'ಧಾರವಾಡ ಅಮೆರಿಕನ್' ಎಂದು ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ. 1864ರಲ್ಲಿ ಮ್ಯಾಗ್ನೋಲಿಯಾದ ದೊಡ್ಡಮನೆ ಯುದ್ಧದ ಬೆಂಕಿಗೆ ಸುಟ್ಟುಹೋಯಿತು. ಅದೇ ಕಾಲಕ್ಕೆ ನಮ್ಮ ಕಡೆಯ ಗಾಡಿಗಳು ಅಂಡಿಗೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದವು. ಅಲ್ಲಿಯ ಬೆಂಕಿಯಲ್ಲಿ ನಾವು ಚಳಿ ಕಾಸಿಕೊಂಡೆವು.

ಸುಟ್ಟ ಮನೆಯನ್ನು ಆಮೇಲೆ ಮತ್ತೆ ಕಟ್ಟಿದರು. ಅದು ಇಂದಿಗೂ ಖಾಸಗಿ ಆಸ್ತಿ, ಉದ್ಯಾನಕ್ಕೆ ಸೇರಿಲ್ಲ. ಸರ್ಕಾರ ಕಾಯುತ್ತಿರುವುದು ಜಿನ್ ಕೊಟ್ಟಿಗೆ, ಕಮ್ಮಾರಸಾಲೆ, ಅಂಗಡಿ ಮತ್ತು ಇಟ್ಟಿಗೆಯ ಎಂಟು ಗುಡಿಸಲುಗಳನ್ನು. ಒಂದರೊಳಗೆ ಹೋದೆ. ಎರಡೇ ಕೋಣೆ, ನಡುಗೋಡೆಯಲ್ಲಿ ಎರಡೂ ಕಡೆಗೆ ಬಾಯಿ ತೆರೆದ ಒಂದು ಒಲೆ. ಈ ಕಡೆ ಒಂದು ಸಂಸಾರ, ಆ ಕಡೆ ಒಂದು. ಮೊದಲು ಗುಲಾಮರು ಇದ್ದರು. ಬಿಡುಗಡೆಯಾದ ಮೇಲೂ ಅದೇ ಹೊಲವನ್ನು ಪಾಲಿಗೆ ಮಾಡಿಕೊಂಡು ಬಹಳ ವರ್ಷ ಅವರ ಪೈಕಿಯವರೇ ಇದ್ದರು. ಒಲೆಯ ಅಂಚು ಮುಟ್ಟಿ ನೋಡಿದೆ, ತಣ್ಣಗಿತ್ತು.

ನಮ್ಮ ಕಂಪನಿ ಸರ್ಕಾರಕ್ಕೆ ಹತ್ತಿ ಪಾಠ ಹೇಳಲು ಬಂದವರು ತೋಟದ ಜನ. ಆ ತೋಟಗಳಲ್ಲಿ ಹತ್ತಿ ಬಿತ್ತಿ, ಕಳೆ ತೆಗೆದು, ಬಿಡಿಸಿದ ಕೈಗಳು ಇಂಥ ಕೋಣೆಗಳವು. ವಿಲಾಯತಿ ಎಂಬ ದೊಡ್ಡ ಹೆಸರಿನ ಹಿಂದೆ ಆ ಕೈಗಳು ಕಾಣದೇ ಹೋದವು.

ಅಷ್ಟು ದೂರ ಹೋಗಿ ಬಿಳಿಯರನ್ನು ಬಯ್ದು ಬರುವುದು ಸುಲಭ. ಆದರೆ ಅಜ್ಜನ ಹೊಲದಲ್ಲಿ ಚಳಿಗೆ ಮುಸುಕು ಹಾಕಿಕೊಂಡು ಬರುತ್ತಿದ್ದ ಹೆಂಗಸರು? ಉಡಿ ತುಂಬ ಹತ್ತಿ ಬಿಡಿಸಿ, ಸಂಜೆ ಅದರಲ್ಲೇ ಒಂದು ಪಾಲನ್ನು ಕೂಲಿಯೆಂದು ಕಟ್ಟಿಕೊಂಡು ಹೋಗುತ್ತಿದ್ದರು. ಗುಲಾಮರಲ್ಲ, ನಿಜ. ಆದರೆ ಅಜ್ಜನ ಎತ್ತುಗಳ ಹೆಸರು ನನಗೆ ಇಂದಿಗೂ ಗೊತ್ತು. ಆ ಹೆಂಗಸರಲ್ಲಿ ಒಬ್ಬಳ ಹೆಸರೂ ಗೊತ್ತಿಲ್ಲ.

ಹತ್ತಿಕಾಳನ್ನು ತುಳಸಿಯ ಪಕ್ಕದ ಕುಂಡದಲ್ಲಿ ಊರಿದ್ದೇನೆ. ನಿಮ್ಮ ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ, ಯಾವ ಹತ್ತಿ ಬೆಳೆದಿರಿ ಎಂದು ಕೇಳುವಾಗ ಬಿಡಿಸಿದವರು ಯಾರೆಂದೂ ಕೇಳಿಟ್ಟುಕೊಳ್ಳಿ.