‘ಕಾ’ ಎಂದರೆ ಕಾಪು, ಕಾರ್ಕಳ

ಬರಹಕ್ಕೆ ಟ್ಯಾಗ್ ಹಾಕುವ ಪೆಟ್ಟಿಗೆಯಲ್ಲಿ ‘ಕಾ’ ಎಂದು ಟೈಪಿಸಿದರೆ ಸಾಕು, ಕಾಪು, ಕಾರ್ಕಳ ಎಂಬ ಊರ ಹೆಸರುಗಳೆರಡೂ ಕೆಳಗೆ ಸಲಹೆಯಾಗಿ ಮೂಡಬೇಕು. ಇದಕ್ಕೆ ಸರ್ವರಿನಲ್ಲಿ ಒಂದು ವಿಳಾಸ ಸಾಕು. ಅದು ಆರಂಭದ ಅಕ್ಷರಗಳನ್ನೂ ಸಲಹೆಗಳ ಮಿತಿಯನ್ನೂ ಪಡೆದು, ಹೆಚ್ಚು ಬಳಕೆಯ ಟ್ಯಾಗ್‌ಗಳನ್ನು ಮೇಲಿಟ್ಟು ಪಟ್ಟಿ ಕಳುಹಿಸುತ್ತದೆ. ಏನೂ ಹೊಂದದಿದ್ದರೆ ಖಾಲಿ ಪಟ್ಟಿಯೇ ಸರಿಯಾದ ಉತ್ತರ, ಅದು ದೋಷವಲ್ಲ. ಪ್ರತಿ ಕೀಲಿಗೂ ಸರ್ವರನ್ನು ಕೇಳದೆ, ಬೆರಳು ಸುಮಾರು 300 ಮಿಲಿಸೆಕೆಂಡ್ ನಿಂತಾಗ ಕೇಳಿದರೆ ಹೊರೆ ಇಳಿಯುತ್ತದೆ.

ಕನ್ನಡಕ್ಕೆ ಇನ್ನೆರಡು ಎಚ್ಚರ ಬೇಕು. ‘ಕಾರ್ಕಳ’ ಕಣ್ಣಿಗೆ 3 ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ: ಕ, ದೀರ್ಘದ ಚಿಹ್ನೆ, ರ, ವಿರಾಮ, ಕ, ಳ. ಹೋಲಿಕೆ ಸಂಕೇತಗಳ ಮಟ್ಟದಲ್ಲೇ ನಡೆಯಬೇಕು. ಇಡೀ ಅಕ್ಷರಗಳನ್ನು ಹೋಲಿಸಿದರೆ ‘ಕಾರ’ ಎಂದು ಬರೆದವರಿಗೆ ಕಾರ್ಕಳ ಸಿಗದು.

ಎರಡನೆಯದಕ್ಕೆ ಉಡುಪಿ ಜಿಲ್ಲೆಯ ‘ಕೋಟ’ವೇ ಉದಾಹರಣೆ. ಅದರ ಓಕಾರವನ್ನು 1 ಸಂಕೇತದಲ್ಲೂ ಬರೆಯಬಹುದು, 3 ಸಂಕೇತಗಳನ್ನು ಸೇರಿಸಿಯೂ ಬರೆಯಬಹುದು. ನೋಟ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ‘ಮಣಿಪಾಲ’, ‘ಮಣಿಪಾಲ್’ ಎಂಬಂಥ ಜೋಡಿಗಳು ಮಾತ್ರ ಹಾಗೆ ಕೂಡುವುದಿಲ್ಲ. ಅವಕ್ಕೆ ಪರ್ಯಾಯ ಹೆಸರುಗಳ ಪಟ್ಟಿಯೊಂದು ಬೇಕು.